ಟ್ಯಾಂಕ್ ನೆರಳು, ತೆಂಗಿನ ಗರಿ, ನಾಲ್ಕು ಪ್ಯಾನೆಲ್: ಮೂರನೇ ವಾರ

ತಿಪಟೂರಿನಲ್ಲಿ ತೆಂಗಿನ ಮರದ ನೆರಳು ಬೀಳದ ತಾರಸಿ ಹುಡುಕುವುದು ಕಷ್ಟ. ನಮ್ಮ ತಾರಸಿ ಮೇಲೆ 335 ವ್ಯಾಟಿನ ನಾಲ್ಕು ಸೋಲಾರ್ ಪ್ಯಾನೆಲ್ ಇವೆ. ಎರಡು ಸಾಲು, ಸಾಲಿಗೆ ಎರಡು. ಬೆಳಿಗ್ಗೆ ಪೂರ್ವದ ಕಡೆಯ ಎರಡರ ಮೇಲೆ ನೀರಿನ ಟ್ಯಾಂಕಿನ ನೆರಳು, ನಾಲ್ಕು ಗಂಟೆ ಮೇಲೆ ಪಶ್ಚಿಮದ ಎರಡರ ಮೇಲೆ ಗರಿ ನೆರಳು. ಮರದ ಮಾತೆತ್ತಿದರೆ ಅಮ್ಮ, ‘ನಿಮ್ಮಪ್ಪ ನೆಟ್ಟಿದ್ದು ಕಣೋ, ಬೇಕಾದ್ರೆ ನಿನ್ನ ಪ್ಲೇಟನ್ನೇ ಆ ಕಡೆ ಇಟ್ಕೋ’ ಅಂತಾರೆ.

ಮೊದಲು ಒಂದು ಸಾಲನ್ನು ಬಿಡಿಸಿಟ್ಟು, ಇನ್ನೊಂದು ಸಾಲಿನ ಒಂದೇ ಒಂದು ಸೆಲ್ ಮೇಲೆ ರಟ್ಟು ಇಟ್ಟು ನೋಡಿದೆ. ಆರಿಂಚು ಚೌಕದ ರಟ್ಟು ಅಷ್ಟೇ. 68 ವೋಲ್ಟ್ ಇದ್ದದ್ದು 56ಕ್ಕೆ ಇಳಿಯಿತು, ಕರೆಂಟ್ ಹೆಚ್ಚುಕಮ್ಮಿ ಹಾಗೇ ಇತ್ತು. ಪ್ಯಾನೆಲ್‌ನಲ್ಲಿರುವ 72 ಸೆಲ್‌ಗಳು 24ರಂತೆ ಮೂರು ಗುಂಪು, ಗುಂಪಿಗೊಂದು ಬೈಪಾಸ್ ಡಯೋಡ್. ಒಂದು ಸೆಲ್ ಕುಂಟಿದರೆ ಕರೆಂಟ್ ಆ ಇಡೀ ಗುಂಪನ್ನೇ ಬಿಟ್ಟು ಡಯೋಡ್ ಹಾದಿ ಹಿಡಿಯುತ್ತದೆ.

ಆದರೆ ನನ್ನ ನಿಜವಾದ ತಪ್ಪು ವೈರಿಂಗ್‌ನಲ್ಲಿತ್ತು. ಕೇಬಲ್ ಕಮ್ಮಿ ಸಾಕು ಅಂತ ಅಡ್ಡ ಸಾಲಿನ ಎರಡೆರಡನ್ನು ಸೀರೀಸ್ ಮಾಡಿ (ಒಂದರ ಹಿಂದೊಂದು, ವೋಲ್ಟೇಜ್ ಕೂಡುತ್ತದೆ), ಆ ಎರಡು ಜೋಡಿಗಳನ್ನು ಪ್ಯಾರಲೆಲ್ ಮಾಡಿದ್ದೆ (ಅಕ್ಕಪಕ್ಕ, ಕರೆಂಟ್ ಕೂಡುತ್ತದೆ). ಹಾಗಾಗಿ ಬೆಳಿಗ್ಗೆ ಎರಡೂ ಜೋಡಿಯಲ್ಲಿ ಒಂದೊಂದು ಪ್ಯಾನೆಲ್ ನೆರಳಲ್ಲಿ, ಒಂದೊಂದು ಬಿಸಿಲಲ್ಲಿ! ಆಗ ವೋಲ್ಟೇಜ್ ಬದಲಾದಂತೆ ಪವರ್‌ಗೆ ಎರಡು ಶಿಖರ ಬರುತ್ತವೆ: 34 ವೋಲ್ಟ್ ಹತ್ತಿರ ದೊಡ್ಡದು, 68ರ ಹತ್ತಿರ ಚಿಕ್ಕದು. ಹೆಚ್ಚು ಪವರ್ ಸಿಗುವ ವೋಲ್ಟೇಜ್ ಹುಡುಕಿ ಬ್ಯಾಟರಿ ಚಾರ್ಜ್ ಮಾಡುವುದು ಎಂಪಿಪಿಟಿ ಕಂಟ್ರೋಲರ್ ಕೆಲಸ. ನನ್ನದು ತಾನು ನಿಂತ ಜಾಗದ ಅಕ್ಕಪಕ್ಕ ಮಾತ್ರ ತಡಕಾಡುವಂಥದ್ದು, ಚಿಕ್ಕ ಶಿಖರದ ಮೇಲೇ ಕೂತುಬಿಡುತ್ತಿತ್ತು. ಇನ್ನು 24 ವೋಲ್ಟ್ ಬ್ಯಾಟರಿಯನ್ನು 28ರವರೆಗೆ ಚಾರ್ಜ್ ಮಾಡಬೇಕಾದಾಗ 34 ಅನ್ನುವುದು ಕಂಟ್ರೋಲರ್‌ಗೂ ಇಕ್ಕಟ್ಟೇ. ಒಂಬತ್ತು ಗಂಟೆಗೆ ಬರುತ್ತಿದ್ದದ್ದು 130 ವ್ಯಾಟ್.

ಶನಿವಾರ ಸಂಜೆ ಐಸೊಲೇಟರ್ (ಪ್ಯಾನೆಲ್ ಲೈನನ್ನು ಕಡಿಯುವ ಸ್ವಿಚ್) ಆಫ್ ಮಾಡಿ, ಪ್ಯಾನೆಲ್‌ಗಳ ಮೇಲೆ ಹಳೇ ಕಂಬಳಿ ಹೊದಿಸಿ ಜೋಡಿ ಬದಲಾಯಿಸಿದೆ. ಕರೆಂಟ್ ಹರಿಯುತ್ತಿರುವಾಗ ಪ್ಯಾನೆಲ್ ಕೇಬಲ್‌ಗಳ ಎಂಸಿ4 ಕನೆಕ್ಟರ್ ಕಿತ್ತರೆ ಕಿಡಿ ಹಾರುತ್ತದೆ, ಆ ಧೈರ್ಯ ಮಾಡಬೇಡಿ. ಈಗ ಪೂರ್ವದ ಎರಡು ಒಂದು ಜೋಡಿ, ಪಶ್ಚಿಮದ ಎರಡು ಇನ್ನೊಂದು.

ಭಾನುವಾರ ಒಂಬತ್ತಕ್ಕೆ 350 ವ್ಯಾಟ್! ಸುಮ್ನೆ ಮೋಡ ಸರಿದಿದ್ದಕ್ಕೆ ಇರಬಹುದು ಅಂದುಕೊಂಡೆ, ಸೋಮವಾರವೂ ಮಂಗಳವಾರವೂ ಅಷ್ಟೇ ಬಂತು. ರಟ್ಟಿನ ಹಾಗೆ ಒಂದು ಸೆಲ್ ಅಲ್ಲ, ಇಡೀ ಜೋಡಿಯೇ ನೆರಳಲ್ಲಿದ್ದರೆ ಬೀಳುವುದು ಕರೆಂಟ್, ವೋಲ್ಟೇಜ್ ಅಷ್ಟಾಗಿ ಬೀಳಲ್ಲ. ಹಾಗಾಗಿ ನೆರಳಿನ ಜೋಡಿ ತನ್ನ ಪಾಲಿನ ಒಂದು ಆಂಪಿಯರ್ ಕೊಟ್ಟುಕೊಂಡು ಸುಮ್ಮನಿರುತ್ತದೆ, ಬಿಸಿಲಿನ ಜೋಡಿಗೆ ತಂಟೆ ಮಾಡಲ್ಲ.

ಸಂಜೆ ಮಾತ್ರ ಅಂಥ ಲಾಭ ಇಲ್ಲ. ಗರಿ ನೆರಳು ಗಾಳಿಗೆ ಆಡುತ್ತಲೇ ಇರುತ್ತದೆ, ಕಂಟ್ರೋಲರ್ ಅದರ ಹಿಂದೆ ಓಡಿ ಓಡಿ ಸುಸ್ತು. ಟ್ಯಾಂಕನ್ನಾದರೂ ಉತ್ತರಕ್ಕೆ ಸರಿಸೋಣ ಅಂತ ಪ್ಲಂಬರ್‌ಗೆ ಹೇಳಿದ್ದೇನೆ. ಭಾನುವಾರ ಬರ್ತೀನಿ ಅಂದಿದ್ದಾರೆ, ಯಾವ ಭಾನುವಾರ ಅಂತ ಹೇಳಿಲ್ಲ.