ಮಲೆನಾಡಿನ ಮಳೆಗೆ ತಾಳುವ ಶಾಲಾ ಬ್ಯಾಗ್

ನಮ್ಮ ಕಡೆ ಶಾಲೆ ತೆರೆಯುವುದೂ ಮಳೆಗಾಲ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗುವುದರಿಂದ, ಹೊಸ ಬ್ಯಾಗಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ತೀರ್ಥಹಳ್ಳಿ ಸುತ್ತಮುತ್ತಲಿನ ನಮ್ಮಂಥ ಊರುಗಳಲ್ಲಿ ಅಷ್ಟಿಲ್ಲದಿದ್ದರೂ, ತೋಟದ ದಾರಿಯಲ್ಲಿ ನಡೆದು, ಟಾರು ರಸ್ತೆಗೆ ಬಂದು, ತುಂಬಿದ ಬಸ್ಸಿನಲ್ಲಿ ನಿಂತು ಶಾಲೆ ಸೇರುವ ಮಕ್ಕಳ ಬ್ಯಾಗು ದಿನವೂ ನೆನೆಯುತ್ತದೆ, ಪೂರ್ತಿ ಒಣಗುವ ಮೊದಲೇ ಮತ್ತೆ ಹೆಗಲೇರುತ್ತದೆ. ಈ ವರ್ಷ ಒಂಬತ್ತನೇ ತರಗತಿಗೆ ಸೇರಿದ ಮಗಳಿಗಾಗಿ ಬ್ಯಾಗು ಹುಡುಕುವಾಗ ನಾನು ಗಮನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಗಿನ ಬಾಳಿಕೆಯನ್ನು ಹೊರಗಿನ ಬಟ್ಟೆಗಿಂತ ಹೆಚ್ಚಾಗಿ ಒಳಗಿನ ಹೊಲಿಗೆ ಮತ್ತು ಜಿಪ್ಪು ನಿರ್ಧರಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಟ್ಟೆಯ ವಿಚಾರವನ್ನು ಬೇಗ ಮುಗಿಸಬಹುದು. ಅಂಗಡಿಯವರು ಹೇಳುವ ಡೀನಿಯರ್ ಎಂಬುದು ನೂಲಿನ ದಪ್ಪದ ಅಳತೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಶಾಲಾ ಬ್ಯಾಗುಗಳಲ್ಲಿ 600 ಡೀನಿಯರ್ ಪಾಲಿಯೆಸ್ಟರ್ ಸಾಮಾನ್ಯವಾಗಿ ಕಾಣಸಿಗುತ್ತದೆ, ನೇಯ್ಗೆ ಒತ್ತಾಗಿದ್ದರೆ ಅದು ಸಾಕು. ಉಜ್ಜಾಟವನ್ನು ತಡೆಯುವುದರಲ್ಲಿ ನೈಲಾನ್ ಮುಂದಿದೆಯಾದರೂ, ಪಾಲಿಯೆಸ್ಟರ್ ಅದಕ್ಕಿಂತ ಕಡಿಮೆ ನೀರು ಹೀರುತ್ತದೆ, ಆದ್ದರಿಂದ ನಮ್ಮ ಹವೆಗೆ ನಾನು ಪಾಲಿಯೆಸ್ಟರನ್ನೇ ಆರಿಸುತ್ತೇನೆ. ಹತ್ತಿಯ ಕ್ಯಾನ್ವಾಸ್ ನೋಡಲು ಚೆಂದ, ಮುಟ್ಟಲು ಗಟ್ಟಿ. ಆದರೆ ನೆನೆದರೆ ಭಾರವಾಗುತ್ತದೆ ಮತ್ತು ಆಷಾಢದಲ್ಲಿ ಬೂಷ್ಟು ಹಿಡಿಯದೆ ಉಳಿಯುವುದು ಕಷ್ಟ. ತಳಭಾಗದಲ್ಲಿ ಮಾತ್ರ ಎರಡು ಪದರ ಬಟ್ಟೆ ಇರಲೇಬೇಕು, ಏಕೆಂದರೆ ಬಸ್ಸಿನ ನೆಲ, ಶಾಲೆಯ ಜಗುಲಿ, ಮನೆಯ ಅಂಗಳ ಎಲ್ಲ ಕಡೆಯೂ ನೆಲಕ್ಕೆ ತಾಗುವುದು ಅದೇ.

ನೀರು ತಡೆಯುವ ಬ್ಯಾಗು ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪನ ನೀರನ್ನು ತಡೆಯುತ್ತದೆ ನಿಜ, ಆದರೆ ಸೂಜಿ ಹಾಯ್ದ ಪ್ರತಿಯೊಂದು ತೂತಿನಿಂದಲೂ ಜಿಪ್ಪಿನ ಹಲ್ಲುಗಳ ನಡುವಿನಿಂದಲೂ ನೀರು ಒಳಗೆ ಇಳಿಯುತ್ತದೆ. ಅಷ್ಟೇ ಅಲ್ಲ, ತೇವ ಮತ್ತು ಸೆಕೆ ಎರಡೂ ಸೇರಿದ ಕಡೆ ಆ ಲೇಪನ ಕಾಲಕ್ರಮೇಣ ಕರಗಿದಂತಾಗಿ ಕೈಗೆ ಅಂಟತೊಡಗುತ್ತದೆ, ಮುಂದೆ ಚಕ್ಕೆಚಕ್ಕೆಯಾಗಿ ಉದುರಿ ಪುಸ್ತಕಗಳ ಮೇಲೆ ಬೀಳುತ್ತದೆ. ಮೇಲೆ ಹೊದಿಸುವ ಮಳೆ ಕವರ್ ಒಳ್ಳೆಯದೇ, ಆದರೆ ಅದು ಬೆನ್ನಿನ ಭಾಗವನ್ನು ಮುಚ್ಚುವುದಿಲ್ಲ. ಕೊಡೆಯಿಂದ ಕುತ್ತಿಗೆಯ ಹಿಂದೆ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು ಒಳಸೇರುತ್ತದೆ. ಆದ್ದರಿಂದ ಕವರನ್ನೂ ಹಾಕಿ, ಪುಸ್ತಕಗಳನ್ನು ಒಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದೇ ನಂಬಬಹುದಾದ ಉಪಾಯ.

ಇನ್ನು ಹೊಲಿಗೆ. ಅಂಗಡಿಯಲ್ಲಿ ಬ್ಯಾಗನ್ನು ಕೈಗೆತ್ತಿಕೊಂಡ ತಕ್ಷಣ ಎಲ್ಲ ಜಿಪ್ಪುಗಳನ್ನು ತೆರೆದು ಒಳಭಾಗವನ್ನು ಹೊರಕ್ಕೆ ಮಗುಚಿ ನೋಡಬೇಕು, ಅಂಗಡಿಯವರು ಬೇಸರಪಟ್ಟರೂ ಸರಿಯೇ. ಬಟ್ಟೆಯ ಅಂಚುಗಳಿಗೆಲ್ಲ ಪಟ್ಟಿ ಕಟ್ಟಿ ಹೊಲಿದಿದ್ದಾರೆಯೇ, ಅಥವಾ ಕತ್ತರಿಸಿದ ಅಂಚು ಹಾಗೆಯೇ ನೂಲು ಬಿಡುತ್ತಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಬಳಿಕ ಹೆಗಲಪಟ್ಟಿಯ ಬುಡ. ಎಷ್ಟೋ ಬ್ಯಾಗುಗಳಲ್ಲಿ ಪಟ್ಟಿಯನ್ನು ಬೆನ್ನಿನ ಭಾಗದ ಮೇಲಂಚಿನ ಸಂದಿಗೆ ಸಿಕ್ಕಿಸಿ ಒಂದೇ ಸಾಲಿನಲ್ಲಿ ಹೊಲಿದಿರುತ್ತಾರೆ. ಭಾರವೆಲ್ಲ ಆ ಒಂದು ಸಾಲಿನ ಮೇಲೆಯೇ ಬೀಳುವುದರಿಂದ ಅದು ಬಿಚ್ಚಿದರೆ ಬ್ಯಾಗು ಅಲ್ಲಿಗೆ ಮುಗಿಯಿತು. ಒಳ್ಳೆಯ ಬ್ಯಾಗಿನಲ್ಲಿ ಪಟ್ಟಿಯ ಬುಡದ ಮೇಲೆ ಇನ್ನೊಂದು ಗಟ್ಟಿ ಪಟ್ಟಿ ಅಡ್ಡ ಹಾಯ್ದಿರುತ್ತದೆ, ಚೌಕ ಹೊಲಿದು ಅದರೊಳಗೆ ಕತ್ತರಿ ಗುರುತಿನ ಹೊಲಿಗೆ ಹಾಕಿರುತ್ತಾರೆ. ಕೆಳತುದಿಯಲ್ಲಿ ಪಟ್ಟಿ ನೇರವಾಗಿ ಬ್ಯಾಗಿಗೆ ಸೇರದೆ, ಮೂರು ಮೂಲೆಯ ಬಟ್ಟೆಯ ತುಂಡೊಂದರ ಮೂಲಕ ಸೇರಿದ್ದರೆ ಎಳೆತ ಹಂಚಿಹೋಗುತ್ತದೆ. ಹದಿಹರೆಯದವರು ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಿಕೊಳ್ಳುವುದನ್ನು ನಾವು ಎಷ್ಟು ಹೇಳಿದರೂ ಬಿಡುವುದಿಲ್ಲ, ಹಾಗಾಗಿ ಒಂದೊಂದು ಪಟ್ಟಿಯೂ ಇಡೀ ಭಾರವನ್ನು ಹೊರುವಂತಿರಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಮನೆಯಿಂದ ಒಯ್ದಿದ್ದ ಪುಸ್ತಕಗಳನ್ನೇ ತುಂಬಿ, ಒಂದು ಪಟ್ಟಿ ಹಿಡಿದೆತ್ತಿ ಜಗ್ಗಿ ನೋಡಿದೆವು. ಹೊಲಿಗೆಯ ತೂತುಗಳು ಅಗಲವಾಗಿ ಒಳಗಿನ ಬೆಳಕು ಕಂಡ ಬ್ಯಾಗನ್ನು, ಮಗಳಿಗೆ ಅದರ ಬಣ್ಣ ಬಹಳ ಇಷ್ಟವಾಗಿದ್ದರೂ, ಬಿಟ್ಟುಬಂದೆವು. ಆನ್‌ಲೈನ್ ಚಿತ್ರಗಳಲ್ಲಿ ಈ ಯಾವುದೂ ಕಾಣುವುದಿಲ್ಲ.

ಜಿಪ್ಪಿನ ರನ್ನರ್ ಹಿಂಭಾಗದಲ್ಲಿ ಹೆಚ್ಚಾಗಿ ಒಂದು ಸಂಖ್ಯೆ ಇರುತ್ತದೆ. ಮುಚ್ಚಿದ ಹಲ್ಲುಗಳ ಅಗಲ ಸುಮಾರು ಅಷ್ಟು ಮಿಲಿಮೀಟರ್ ಎಂದು ತಿಳಿಯಬಹುದು. ಪುಸ್ತಕ ಹೊರುವ ಮುಖ್ಯ ಖಾನೆಗೆ 8 ಅಥವಾ 10ನೇ ನಂಬರಿನ ಜಿಪ್ಪು ಬೇಕು, ಚಿಕ್ಕ ಜೇಬುಗಳಿಗೆ 5 ಸಾಕು. ರನ್ನರ್ ಮೇಲೆ ಜಪಾನಿನ ವೈಕೆಕೆ ಕಂಪನಿಯ ಅಕ್ಷರಗಳಿದ್ದರೆ ಒಳ್ಳೆಯ ಲಕ್ಷಣವೇ, ಆದರೆ ಅದರ ನಕಲೂ ಮಾರುಕಟ್ಟೆಯಲ್ಲಿರುವುದರಿಂದ ಕೈಯಿಂದ ಎಳೆದು ನೋಡುವುದನ್ನು ಬಿಡಬಾರದು, ವಿಶೇಷವಾಗಿ ಮೂಲೆಯ ತಿರುವುಗಳಲ್ಲಿ. ಜಿಪ್ಪು ಎಳೆದ ಮೇಲೂ ಹಿಂದೆ ಬಾಯಿ ಬಿಡತೊಡಗಿದರೆ ಇಡೀ ಜಿಪ್ಪು ಹೋಯಿತೆಂದು ಹಲವರು ಬ್ಯಾಗನ್ನೇ ಎಸೆಯುತ್ತಾರೆ. ಹೆಚ್ಚಿನ ಸಲ ಹಲ್ಲುಗಳು ಸರಿಯಾಗಿಯೇ ಇರುತ್ತವೆ. ಕೆಸರು, ಮರಳು ಸಿಕ್ಕಿ ಒಳಗೆ ಸವೆದ ರನ್ನರ್ ಸಡಿಲಗೊಂಡು ಅವುಗಳನ್ನು ಒತ್ತಿ ಕೂಡಿಸಲಾರದೆ ಹೋಗಿರುತ್ತದೆ. ಬ್ಯಾಗು ರಿಪೇರಿ ಮಾಡುವವರಲ್ಲಿ ರನ್ನರ್ ಒಂದನ್ನೇ ಬದಲಾಯಿಸಿಕೊಂಡರೆ ಅದೇ ಜಿಪ್ಪು ಮತ್ತೆ ಕೆಲಸಕ್ಕೆ ಬರುತ್ತದೆ. ಜಿಪ್ಪು ಸಾಮಾನ್ಯ ಅಳತೆಯದಾಗಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಗಟ್ಟಿಯಾದುದನ್ನು ಹುಡುಕುವ ಭರದಲ್ಲಿ ತೂಕವನ್ನು ಮರೆಯಬಾರದು. 2019ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಬ್ಯಾಗಿನ ತೂಕ 4ರಿಂದ 5 ಕಿಲೋ ಮೀರಬಾರದು. ಖಾಲಿ ಬ್ಯಾಗೇ ಒಂದೂವರೆ ಕಿಲೋ ಇದ್ದರೆ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿಗೆ ಉಳಿಯುವುದೆಷ್ಟು? ಹತ್ತಾರು ಜೇಬು, ದಪ್ಪ ಸ್ಪಂಜು, ಅಲಂಕಾರದ ಬಕಲ್‌ಗಳೆಲ್ಲ ಬರೀ ಭಾರ. ಬೆನ್ನಿನ ಸ್ಪಂಜು ದಪ್ಪವಾದಷ್ಟೂ ಅದು ಕುಡಿಯುವ ನೀರು ಹೆಚ್ಚು, ಒಣಗಲು ಬೇಕಾಗುವ ಹೊತ್ತೂ ಹೆಚ್ಚು. ನೀರು ಹೀರದ ಗಟ್ಟಿ ಫೋಮ್ ತೆಳ್ಳಗಿದ್ದರೂ ಅದಕ್ಕಿಂತ ಎಷ್ಟೋ ಮೇಲು.

ಒಣಗಿಸುವಾಗ ಬಚ್ಚಲು ಒಲೆಯ ನೇರ ಮೇಲೆ ನೇತುಹಾಕುವ ಅಭ್ಯಾಸ ನಮ್ಮಲ್ಲಿದೆ. ಬಟ್ಟೆಬರೆಗೆ ಅದು ನಡೆಯುತ್ತದೆ, ಬ್ಯಾಗಿನ ಲೇಪನಕ್ಕೂ ಪ್ಲಾಸ್ಟಿಕ್ ಬಕಲ್‌ಗೂ ಆ ಶಾಖ ಒಳ್ಳೆಯದಲ್ಲ. ಒಲೆಯಿಂದ ದೂರದಲ್ಲಿ, ಎಲ್ಲ ಖಾನೆಗಳನ್ನೂ ತೆರೆದು, ತಲೆಕೆಳಗಾಗಿ ತೂಗುಹಾಕಿದರೆ ನೀರು ಇಳಿದುಹೋಗುತ್ತದೆ. ಮಳೆ ಹೊಳವು ಕೊಟ್ಟ ದಿನ ಒಳಭಾಗಕ್ಕೆ ಬಿಸಿಲು ಕಾಣಿಸಬೇಕು. ಜಿಪ್ಪಿನ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಒಣಗಿದ ಮೇಲೆ ಮೇಣದಬತ್ತಿಯನ್ನು ಹಲ್ಲುಗಳ ಮೇಲೆ ಉಜ್ಜಿದರೆ ರನ್ನರ್ ಸರಾಗವಾಗಿ ಓಡುತ್ತದೆ.

ಬಣ್ಣದ ಆಯ್ಕೆ ಮಗಳದೇ ಆಗಿತ್ತು, ಆಗಿರಬೇಕು ಕೂಡ; ಆ ವಯಸ್ಸಿನಲ್ಲಿ ಇಷ್ಟವಿಲ್ಲದ ಬ್ಯಾಗನ್ನು ಯಾರೂ ಜೋಪಾನ ಮಾಡುವುದಿಲ್ಲ. ಅವಳು ಕಡುನೀಲಿಯನ್ನು ಆರಿಸಿದಳು. ಜುಲೈ ತಿಂಗಳ ಮಬ್ಬು ಬೆಳಗಿನಲ್ಲಿ, ಮಂಜು ಕವಿದ ರಸ್ತೆಯ ಅಂಚಿನಲ್ಲಿ ಬಸ್ಸಿಗೆ ಕಾಯುವ ಮಕ್ಕಳು ವಾಹನದವರಿಗೆ ದೂರದಿಂದಲೇ ಕಾಣಬೇಕಾದ್ದರಿಂದ, ಊರಿನ ದರ್ಜಿಯವರ ಬಳಿ ಬ್ಯಾಗಿನ ಹಿಂಭಾಗಕ್ಕೂ ಎರಡು ಹೆಗಲಪಟ್ಟಿಗಳಿಗೂ ಬೆಳಕು ಬಿದ್ದರೆ ಹೊಳೆಯುವ ಟೇಪನ್ನು ಹೊಲಿಸಿದೆವು. ಮಳೆ ಕವರ್ ಹಾಕಿದಾಗ ಹಿಂಭಾಗದ ಟೇಪು ಮುಚ್ಚಿಹೋಗುವುದರಿಂದ, ಕವರನ್ನು ಮಾತ್ರ ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ್ದೇ ತಂದಿದ್ದೇವೆ.