ಎಂಜಿನ್ ಓಡುತ್ತೆ, ಕಂಪ್ಯೂಟರ್ ಮಾತ್ರ ಮಾತಾಡಲ್ಲ

ಊರಲ್ಲಿ ಎಮಿಷನ್ ಟೆಸ್ಟ್ ಅಂದರೆ ಪೆಟ್ರೋಲ್ ಬಂಕ್ ಪಕ್ಕದಲ್ಲಿ ನಿಂತ ಒಂದು ವ್ಯಾನ್, ಸೈಲೆನ್ಸರ್ ಪೈಪಿನೊಳಗೆ ತೂರಿಸುವ ಒಂದು ಕೊಳವೆ, ನಂಬರ್ ಪ್ಲೇಟಿನ ಫೋಟೋ, ಕೈಗೊಂದು ಚೀಟಿ. ಮುಗೀತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಸ್ಮಾಗ್ ಚೆಕ್ ಅಂತಾರೆ. ಎಂಟು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬೇಕು. ಅದು ಪಾಸಾಗದೆ ಡಿಎಂವಿ, ಅಂದರೆ ಇಲ್ಲಿನ ಆರ್‌ಟಿಓ, ರಿಜಿಸ್ಟ್ರೇಷನ್ ಮುಂದುವರಿಸುವುದಿಲ್ಲ. 2015ರ ಮಾರ್ಚ್‌ನಿಂದ ಇನ್ನೊಂದು ಬದಲಾವಣೆ ಆಗಿದೆ. 2000 ಮತ್ತು ಅದರ ನಂತರದ ಮಾದರಿಯ ಪೆಟ್ರೋಲ್ ಕಾರುಗಳಿಗೆ ಪೈಪಿನ ಹೊಗೆ ಅಳೆಯುವ ಬದಲು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ, ಎಂಜಿನ್ ಕಂಪ್ಯೂಟರನ್ನೇ ವಿಚಾರಿಸುತ್ತಾರೆ. ಹೊಗೆ ಎಷ್ಟೇ ಶುದ್ಧವಾಗಿರಲಿ, ಕಂಪ್ಯೂಟರ್ ಉತ್ತರ ಕೊಡಲಿಲ್ಲ ಅಂದರೆ ಫೇಲ್.

ನನ್ನದು 2000ದ ಮಾದರಿಯ ಜರ್ಮನ್ ಕಾರು. ಹೆಸರು ಬೇಡ ಬಿಡಿ. ಸೆಕೆಂಡ್ ಹ್ಯಾಂಡಲ್ಲ, ಮೂರನೇ ಕೈಯೋ ನಾಲ್ಕನೇ ಕೈಯೋ. ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ, ಮೈಲೇಜ್ ಚೆನ್ನಾಗಿದೆ, ಚೆಕ್ ಎಂಜಿನ್ ಲೈಟ್ ಉರಿಯುತ್ತಿಲ್ಲ. ಆದರೆ ಸ್ಮಾಗ್ ಸ್ಟೇಷನ್‌ನ ಮೆಷಿನ್ ಕರೆದರೆ ಆ ಕಡೆಯಿಂದ ಸದ್ದೇ ಇಲ್ಲ. ರಿಪೇರಿಗೆ ಅಂತ ಒಂದು ಗ್ಯಾರೇಜಿಗೆ ಹೋದರೆ ಅಲ್ಲಿನವನು ಸ್ಕ್ಯಾನರ್ ಹಾಕಿ, ಎರಡು ನಿಮಿಷ ನೋಡಿ, ‘ಇಸಿಯು ಹೋಗಿದೆ, ಬದಲಿಸಬೇಕು’ ಅಂದುಬಿಟ್ಟ. ಇಸಿಯು ಅಂದರೆ ಅದೇ ಎಂಜಿನ್ ಕಂಪ್ಯೂಟರ್. ಇಲ್ಲಿ ಗ್ಯಾರೇಜಿನವರ ಒಂದು ಗಂಟೆಯ ಕೂಲಿ ನೂರೈವತ್ತು ಡಾಲರಿಗಿಂತ ಜಾಸ್ತಿ. ಇಸಿಯು ಬದಲಿಸಿದರೆ ಅದನ್ನು ಇಮ್ಮೊಬಿಲೈಸರ್, ಅಂದರೆ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗದ ಜೊತೆ ಹೊಂದಿಸಬೇಕು, ಅದಕ್ಕೆ ಮತ್ತೆ ಬೇರೆ ದುಡ್ಡು. ಒಟ್ಟು ಖರ್ಚು ಕಾರಿನ ಬೆಲೆಯನ್ನೇ ಮುಟ್ಟುತ್ತೆ.

ನನಗೆ ಒಂದೇ ಪ್ರಶ್ನೆ. ಇಸಿಯು ಸತ್ತಿದ್ದರೆ ಪೆಟ್ರೋಲ್ ಸಿಂಪಡಿಸುವುದು, ಸ್ಪಾರ್ಕ್ ಕೊಡುವುದು ಯಾರು? ಎಂಜಿನ್ ನೆಟ್ಟಗೆ ಓಡುತ್ತಿದೆ ಅಂದರೆ ಅದರ ಕಂಪ್ಯೂಟರ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ ಅಲ್ವಾ? ಅದು ಮಾತಾಡುವ ದಾರಿ ಎಲ್ಲೋ ಕಟ್ಟಿರಬೇಕು. ಹಾಗಾಗಿ ಲ್ಯಾಪ್‌ಟಾಪ್ ಮತ್ತು ಹಳೇ ಕಾರುಗಳ ಕಂಪ್ಯೂಟರ್ ಜೊತೆ ಮಾತಾಡಲು ಬಳಸುವ ಒಂದು ಕೆಕೆಎಲ್ ಕೇಬಲ್ ಹಿಡಿದು ಪಾರ್ಕಿಂಗ್ ಲಾಟಿನಲ್ಲಿ ಕೂತೆ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಹದಿನಾರು ಪಿನ್ನಿನ ಪ್ಲಗ್. ಇಷ್ಟೇ ಆ ಕೇಬಲ್. ಆನ್‌ಲೈನಲ್ಲಿ ಅಗ್ಗವಾಗಿ ಸಿಗುತ್ತೆ.

ಮೊದಲು ನೋಡಬೇಕಾದ್ದು ಕರೆಂಟ್. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯ 12 ವೋಲ್ಟ್ ಬರಬೇಕು, 4 ಮತ್ತು 5ನೇ ಪಿನ್ ಗ್ರೌಂಡ್. ಮಲ್ಟಿಮೀಟರ್ ಇಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ಎಷ್ಟೋ ಕಾರುಗಳಲ್ಲಿ ಈ ಸಾಕೆಟ್ಟಿಗೂ ಸಿಗರೇಟ್ ಲೈಟರಿಗೂ ಒಂದೇ ಫ್ಯೂಸ್ ಇರುತ್ತೆ. ಯಾರೋ ಕೆಟ್ಟ ಫೋನ್ ಚಾರ್ಜರ್ ಹಾಕಿ ಫ್ಯೂಸ್ ಸುಟ್ಟಿರುತ್ತಾರೆ, ಸ್ಕ್ಯಾನರಿಗೆ ಜೀವವೇ ಬರುವುದಿಲ್ಲ. ಇಂಥ ಕೇಸಲ್ಲಿ ರಿಪೇರಿ ಖರ್ಚು ಒಂದು ಫ್ಯೂಸಿನದು ಮಾತ್ರ. ನನ್ನ ಕಾರಿನಲ್ಲಿ 12 ವೋಲ್ಟ್ ಸರಿಯಾಗಿಯೇ ಬರುತ್ತಿತ್ತು.

ಆಮೇಲೆ ಲ್ಯಾಪ್‌ಟಾಪ್. ಇಲ್ಲಿ ಜನ ಜಾಸ್ತಿ ಹೊತ್ತು ಕಳೆಯುತ್ತಾರೆ. ಕೇಬಲ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ಸ್ ಅನ್ನುವಲ್ಲಿ ಒಂದು ಕಾಮ್ (COM) ಪೋರ್ಟ್, ಅಂದರೆ ಸೀರಿಯಲ್ ಪೋರ್ಟ್ ಕಾಣಬೇಕು. ಕಾಣದಿದ್ದರೆ ಡ್ರೈವರ್ ಇಲ್ಲ, ಇಲ್ಲವೇ ಕೇಬಲ್ಲಿನೊಳಗಿನ ಚಿಪ್ ನಕಲಿ. 2014ರಲ್ಲಿ ಇಂಥ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿ ಹೊರಬಿಟ್ಟ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ನಂಬರನ್ನೇ ಸೊನ್ನೆ ಮಾಡಿಬಿಟ್ಟಿತ್ತು. ನಿನ್ನೆವರೆಗೆ ನಡೆಯುತ್ತಿದ್ದ ಕೇಬಲ್ಲುಗಳು ಬೆಳಗಾಗುವಷ್ಟರಲ್ಲಿ ಲ್ಯಾಪ್‌ಟಾಪಿಗೆ ಪರಿಚಯವೇ ಇಲ್ಲದಂತಾದವು. ದೊಡ್ಡ ಗಲಾಟೆಯಾಗಿ ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು.

ಪೋರ್ಟ್ ಕಂಡರೂ ಅದರ ನಂಬರ್ ನೋಡಿ. ಹಳೇ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್‌ಗಳಲ್ಲಿ ಕೆಲವಕ್ಕೆ ಕಾಮ್ 1ರಿಂದ 4ರವರೆಗೆ ಬಿಟ್ಟರೆ ಬೇರೆ ಗೊತ್ತಿಲ್ಲ, ವಿಂಡೋಸ್ ಸುಮ್ನೆ 7, 11 ಅಂತ ಏನೋ ಒಂದು ಕೊಟ್ಟಿರುತ್ತೆ. ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಎಫ್‌ಟಿಡಿಐ ಚಿಪ್ ಆದರೆ ಅಲ್ಲೇ ಲೇಟೆನ್ಸಿ ಟೈಮರ್ ಅಂತ ಇನ್ನೊಂದು ಇದೆ, ಮಾಮೂಲಾಗಿ 16 ಮಿಲಿಸೆಕೆಂಡ್ ಇರುತ್ತೆ. ಅದನ್ನು 1ಕ್ಕೋ 2ಕ್ಕೋ ಇಳಿಸಿ. ಈ ಹಳೇ ಕಾರುಗಳು ಮಾತಾಡುವ ರೀತಿಯೇ ವಿಚಿತ್ರ. ಲ್ಯಾಪ್‌ಟಾಪ್ ಮೊದಲು ಸೆಕೆಂಡಿಗೆ ಬರೀ 5 ಬಿಟ್‌ನಂತೆ ಇಸಿಯುವಿನ ವಿಳಾಸ ಕೂಗಬೇಕು, ಅದಕ್ಕೇ 2 ಸೆಕೆಂಡ್ ಹಿಡಿಯುತ್ತೆ. ಆಮೇಲೆ ಇಸಿಯು ಎಚ್ಚೆತ್ತು ಸೆಕೆಂಡಿಗೆ ಹತ್ತು ಸಾವಿರ ಬಿಟ್‌ನ ಆಸುಪಾಸಿನ ವೇಗದಲ್ಲಿ ಮಾತು ಶುರು ಮಾಡುತ್ತೆ, ಒಂದೊಂದು ಬೈಟ್ ಕಳಿಸಿದಾಗಲೂ ಎದುರಿನವರು ‘ಸಿಕ್ತು’ ಅಂತ ಅದನ್ನೇ ತಿರುವಿ ಹಾಕಿ ವಾಪಸ್ ಕಳಿಸಬೇಕು, ಅದು ತಡವಾದರೆ ಇಸಿಯು ಮುನಿಸಿಕೊಂಡು ಮಾತು ನಿಲ್ಲಿಸುತ್ತೆ. ಲ್ಯಾಪ್‌ಟಾಪ್ ಎಷ್ಟೇ ಜೋರಾಗಿದ್ದರೂ ಯುಎಸ್‌ಬಿ ದಾರಿಯಲ್ಲಿ ಪ್ರತಿ ಸಲ 16 ಮಿಲಿಸೆಕೆಂಡ್ ಕಾಯ್ದರೆ ಮಾತು ಮುರಿದುಬೀಳುವುದು ಅದಕ್ಕೇ.

ಇದೆಲ್ಲ ಸರಿ ಮಾಡಿದರೂ ‘ಕಂಟ್ರೋಲರ್ ಸಿಗುತ್ತಿಲ್ಲ’ ಅಂತಲೇ ಬರುತ್ತಿತ್ತು. ಸಾಫ್ಟ್‌ವೇರನ್ನು ಕೆದಕುವುದು ನಿಲ್ಲಿಸಿ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ತಗೊಂಡು ಫ್ರೀಮಾಂಟಿನಲ್ಲಿರುವ ಗೆಳೆಯರ ಮನೆಗೆ ಹೋದೆ. ಅವರದ್ದೂ ಅದೇ ಕಂಪನಿಯ, ಹೆಚ್ಚುಕಮ್ಮಿ ಅದೇ ಕಾಲದ ಕಾರು. ಹಾಕಿದ ಕೂಡಲೇ ಎಂಜಿನ್, ಎಬಿಎಸ್ ಬ್ರೇಕ್, ಏರ್‌ಬ್ಯಾಗ್ ಎಲ್ಲದರ ಕಂಪ್ಯೂಟರುಗಳೂ ಉತ್ತರ ಕೊಟ್ಟವು. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯ ಪರೀಕ್ಷೆ ಇನ್ನೊಂದಿಲ್ಲ. ಒಂದೇ ಏಟಿಗೆ ಅರ್ಧ ಸಂಶಯ ಹೋಯಿತು. ತೊಂದರೆ ಇರುವುದು ನನ್ನ ಕಾರಿನ ವೈರಿಂಗಿನಲ್ಲೇ.

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ಫೋನ್ ಮಾಡಿ ವಿಷಯ ಹೇಳಿದರೆ ಅವನು ಇಸಿಯು ಬಗ್ಗೆ ಕೇಳಲೇ ಇಲ್ಲ.

‘ಅಣ್ಣ, ಎಬಿಎಸ್ಸೂ ಮಾತಾಡಲ್ವಾ?’

‘ಯಾವುದೂ ಮಾತಾಡಲ್ಲ ಕಣೋ.’

‘ಹಂಗಾದ್ರೆ ಲೈನ್ ಶಾರ್ಟ್ ಆಗಿದೆ. ಒಳಗೆ ಕಂಪನಿ ರೇಡಿಯೋನೇ ಇದೆಯಾ, ಯಾರಾದ್ರೂ ಬದಲಾಯಿಸವ್ರಾ?’

ಬದಲಾಯಿಸಿದ್ದರು. ಹಿಂದಿನ ಮಾಲೀಕರು ಬ್ಲೂಟೂತ್ ಇರುವ ಸೆಟ್ ಹಾಕಿಸಿದ್ದರು, ಅದನ್ನು ನೋಡಿಯೇ ನಾನು ಕಾರು ಇಷ್ಟಪಟ್ಟಿದ್ದು ಅಂತಲೂ ಹೇಳಬಹುದು.

ವಿಷಯ ಏನು ಅಂದರೆ, ಆ ಕಾಲದ ಈ ಕಾರುಗಳಲ್ಲಿ ಸ್ಕ್ಯಾನರ್ ಜೊತೆ ಎಲ್ಲ ಕಂಪ್ಯೂಟರುಗಳ ಮಾತುಕತೆಗೆ ಕೆ-ಲೈನ್ ಅನ್ನುವ ಒಂದೇ ವೈರ್. ಸಾಕೆಟ್ಟಿನಲ್ಲಿ ಅದು 7ನೇ ಪಿನ್. ಹಳೇ ಲ್ಯಾಂಡ್‌ಲೈನಿಗೆ ಮನೆಯಲ್ಲಿ ಎರಡು ಮೂರು ಕಡೆ ಪ್ಯಾರಲಲ್ ಕನೆಕ್ಷನ್ ಇದ್ದಾಗ ಯಾರಾದರೂ ಒಂದು ರಿಸೀವರ್ ಎತ್ತಿಟ್ಟು ಮರೆತರೆ ಇಡೀ ಮನೆಯ ಫೋನ್ ಸತ್ತಂತಾಗುತ್ತಿತ್ತಲ್ಲ, ಇಲ್ಲೂ ಅದೇ ಕಥೆ. ಕಂಪನಿ ರೇಡಿಯೋವನ್ನೂ ಪರೀಕ್ಷೆ ಮಾಡಲಿ ಅಂತ ಅದರ ಹಿಂದಿನ ಪ್ಲಗ್ಗಿಗೂ ಆ ವೈರನ್ನು ಎಳೆದಿರುತ್ತಾರೆ. ಹೊರಗಿನ ರೇಡಿಯೋಗೆ ಅದು ಗೊತ್ತಿರುವುದಿಲ್ಲ. ಪ್ಲಗ್ ನೋಡಲು ಒಂದೇ ಥರ, ಸಿಕ್ಕಿಸಿದರೆ ಕೂರುತ್ತೆ, ಹಾಡೂ ಬರುತ್ತೆ. ಒಳಗೆ ಮಾತ್ರ ಆ ವೈರ್ ಬೇರೆ ಯಾವುದಕ್ಕೋ ತಾಗಿ ಕೂತಿರುತ್ತೆ.

ಅಳೆದು ನೋಡಿದೆ. ಕೆ-ಲೈನ್ ಅಳೆಯುವಾಗ ಕೇಬಲ್ ಸಾಕೆಟ್ಟಿನಲ್ಲೇ ಇರಲಿ, ಇಗ್ನಿಷನ್ ಆನ್ ಇರಲಿ, ಸಾಕೆಟ್ಟಿನ ಹಿಂಭಾಗದಿಂದ ಮೀಟರ್ ಮುಟ್ಟಿಸಿ. ಆ ವೈರನ್ನು ಬ್ಯಾಟರಿ ವೋಲ್ಟೇಜಿಗೆ ಎತ್ತಿ ಹಿಡಿಯುವುದು ಮುಖ್ಯವಾಗಿ ಕೇಬಲ್ ಕಡೆಯ ಒಂದು ರೆಸಿಸ್ಟರ್, ಕೇಬಲ್ ಇಲ್ಲದೆ ಅಳೆದರೆ ಸಿಗುವ ನಂಬರನ್ನು ನಂಬುವ ಹಾಗಿಲ್ಲ. ಯಾರೂ ಮಾತಾಡದೆ ಇದ್ದಾಗ 12ರ ಹತ್ತಿರ ಇರಬೇಕಾದ್ದು ನನ್ನಲ್ಲಿ ಒಂದು ವೋಲ್ಟನ್ನೂ ಮುಟ್ಟುತ್ತಿರಲಿಲ್ಲ. ರೇಡಿಯೋ ಹೊರಗೆಳೆದು ಹಿಂದಿನ ಪ್ಲಗ್ ಕಿತ್ತೆ, ಮೀಟರ್ ಪಟ್ಟನೆ ಮೇಲೇರಿತು. ಲ್ಯಾಪ್‌ಟಾಪಿನಲ್ಲಿ ಕನೆಕ್ಟ್ ಒತ್ತಿದರೆ ಇಸಿಯು ತನ್ನ ಪಾರ್ಟ್ ನಂಬರ್ ಸಮೇತ ಹಾಜರ್! ಪ್ಲಗ್ಗಿನಿಂದ ಆ ಬೂದು-ಬಿಳಿ ವೈರಿನ ಪಿನ್ ಒಂದನ್ನೇ ಬಿಡಿಸಿ, ಇನ್ಸುಲೇಷನ್ ಟೇಪ್ ಸುತ್ತಿ, ರೇಡಿಯೋ ವಾಪಸ್ ಹಾಕಿದೆ. ಹಾಡೂ ಬರುತ್ತೆ, ಕಂಪ್ಯೂಟರೂ ಮಾತಾಡುತ್ತೆ. ಗ್ಯಾರೇಜಿನವನಿಗೆ ಇದು ಹೊಳೆಯಲಿಲ್ಲ ಅನ್ನುವುದಕ್ಕಿಂತ, ಹುಡುಕುವ ಹೊತ್ತಿಗೆ ಬಿಲ್ ಮಾಡುವುದಕ್ಕಿಂತ ಡಬ್ಬ ಬದಲಿಸುವುದೇ ಅವನಿಗೆ ಸುಲಭ ಅನ್ನಿಸಿರಬೇಕು.

ಆದರೆ ನೆಟ್ಟಗೆ ಸ್ಮಾಗ್ ಸ್ಟೇಷನ್ನಿಗೆ ಓಡುವ ಹಾಗಿರಲಿಲ್ಲ. ರೇಡಿಯೋ ಬಿಚ್ಚುವ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆದಿದ್ದೆನಲ್ಲ, ಈ ವಯಸ್ಸಿನ ಕಾರಿನಲ್ಲಿ ಹಾಗೆ ಮಾಡಿದರೆ ಇಸಿಯು ತಾನು ಮಾಡಿಟ್ಟ ಸ್ವಯಂ ಪರೀಕ್ಷೆಗಳ ಲೆಕ್ಕವನ್ನೆಲ್ಲ ಮರೆಯುತ್ತೆ. ಇವನ್ನು ರೆಡಿನೆಸ್ ಮಾನಿಟರ್ ಅಂತಾರೆ. 2000 ಮತ್ತು ಆಮೇಲಿನ ಪೆಟ್ರೋಲ್ ಕಾರಾದರೆ ಪೆಟ್ರೋಲ್ ಆವಿಯ ಪರೀಕ್ಷೆ ಒಂದು ಮಾತ್ರ ಬಾಕಿ ಇದ್ದರೂ ಕ್ಯಾಲಿಫೋರ್ನಿಯಾ ಒಪ್ಪುತ್ತೆ, ಉಳಿದದ್ದೆಲ್ಲ ಮುಗಿದಿರಲೇಬೇಕು. ಅದಕ್ಕೆ ರಾತ್ರಿಯಿಡೀ ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಐಡಲ್ ಬಿಟ್ಟು, ಆಮೇಲೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು. ನಾನು ಬೆಳಗ್ಗೆ ಬೇಗ 280 ಹೈವೇಯಲ್ಲಿ ಕುಪರ್ಟಿನೋದಿಂದ ಸ್ಯಾನ್ ಮಟೆಯೋ ಕಡೆಗೆ ಹೊರಡುತ್ತಿದ್ದೆ. ಒಂದು ಕಡೆ ಬೆಟ್ಟ, ಆಮೇಲೆ ಕ್ರಿಸ್ಟಲ್ ಸ್ಪ್ರಿಂಗ್ಸ್ ಕೆರೆ, ಟ್ರಾಫಿಕ್ ಕಮ್ಮಿ. ಇಂಥ ದಂಡನೆ ಬೇಕಾದರೆ ಇನ್ನೂ ಕೊಡಲಿ. ವಾಪಸ್ ಬಂದು ಲ್ಯಾಪ್‌ಟಾಪಿನಲ್ಲಿ ನೋಡುವುದು, ಬಾಕಿ ಇದ್ದರೆ ಮರುದಿನ ಮತ್ತೆ ಹೋಗುವುದು. ಎಲ್ಲ ಮುಗಿದ ಮೇಲೆ ಟೆಸ್ಟಿಗೆ ಹೋದರೆ ಬೇಗನೇ ಪಾಸ್.

ಇದರಿಂದಾಗಿ ನಮ್ಮ ಕಾಂಪ್ಲೆಕ್ಸಿನಲ್ಲಿ ನನಗೆ ಮೆಕ್ಯಾನಿಕ್ ಅಂತ ಹೆಸರು ಬಂದಿದೆ. ಹೋದ ವಾರ ಧಾರವಾಡ ಕಡೆಯವರೊಬ್ಬರು ‘ಸರ, ಆ ಕೇಬಲ್ ಒಂದೀಟು ಕೊಡ್ರಿ’ ಅಂತ ಬಂದರು. ಅವರ ಕಾರು 2015ರದ್ದು, ಅದೂ ಮಾತಾಡುತ್ತಿಲ್ಲವಂತೆ. ಅದಕ್ಕೆ ಈ ಕೇಬಲ್ ಉಪಯೋಗವಿಲ್ಲ. ಅಮೆರಿಕದಲ್ಲಿ 2008ರ ಮಾದರಿಯಿಂದ ಈ ಪರೀಕ್ಷೆಗೆ ಕ್ಯಾನ್ ಅನ್ನುವ ಎರಡು ವೈರಿನ ವ್ಯವಸ್ಥೆ ಕಡ್ಡಾಯ, ಅದು 6 ಮತ್ತು 14ನೇ ಪಿನ್‌ಗಳಲ್ಲಿ ಬರುತ್ತೆ. ಊರಲ್ಲಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಇಎಲ್‌ಎಂ327 ಬ್ಲೂಟೂತ್ ಡಬ್ಬಿ ಅಂಥ ಕಾರಿಗೆ ಸಾಕು. ಮಲ್ಟಿಮೀಟರ್ ಕೈಗೆ ಕೊಟ್ಟು ಹೇಳಿದೆ: ಕಾರು ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು, ಬ್ಯಾಟರಿ ಕನೆಕ್ಷನ್ ತೆಗೆದು, ಆ ಎರಡು ಪಿನ್‌ಗಳ ನಡುವೆ ಓಮ್ಸ್ ಅಳೆಯಿರಿ. 60ರ ಹತ್ತಿರ ಇದ್ದರೆ ಸಾಮಾನ್ಯವಾಗಿ ಲೈನ್ ಸರಿ, 120 ಬಂದರೆ ಎಲ್ಲೋ ಒಂದು ತುದಿ ಬಿಟ್ಟುಹೋಗಿದೆ, ಸೊನ್ನೆ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಸಂಜೆ ಮೆಸೇಜ್ ಬಂತು, 120 ಅಂತ. ಈ ಶನಿವಾರ ಅವರ ಡ್ಯಾಶ್‌ಬೋರ್ಡ್ ಬಿಚ್ಚುವುದಿದೆ.