ಬೋರ್ಡನ್ನು ಮೊಬೈಲಿಗೆ ಜೋಡಿಸಲು ಯಾವ ಮಾಡ್ಯೂಲ್ ಕೊಳ್ಳಲಿ?

ಮಂಡ್ಯದಲ್ಲಿ ಮೋಟರ್ ಸ್ಟಾರ್ಟರುಗಳನ್ನೂ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಧನಗಳನ್ನೂ ರಿಪೇರಿ ಮಾಡುವ ಅಂಗಡಿ ನನ್ನದು. ಕೊನೆಯ ವರ್ಷದ ಪ್ರಾಜೆಕ್ಟಿನ ಗಡುವು ಹತ್ತಿರವಾದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮೈಸೂರಿನಿಂದ ಬರುವ ಹವ್ಯಾಸಿಗಳು, ಕೆಲವೊಮ್ಮೆ ರೈತರ ಮಕ್ಕಳು ಬೇರೆಬೇರೆ ಮಾತಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಸರ್, ಈ ಬೋರ್ಡಿನ ರೀಡಿಂಗ್ ಮೊಬೈಲಿನಲ್ಲಿ ಬರಬೇಕು, ಯಾವ ಮಾಡ್ಯೂಲ್ ತಗೊಳ್ಳಲಿ?" ಬೋರ್ಡು ಎಂದರೆ ಸಂವೇದಕದ ಅಳತೆಯನ್ನು ಓದುವ, ಪ್ರೋಗ್ರಾಂ ತುಂಬಿದ ಸಣ್ಣ ಸರ್ಕ್ಯೂಟು; ಮಾಡ್ಯೂಲ್ ಎಂದರೆ ಅದನ್ನು ತಂತಿಯಿಲ್ಲದೆ ಮೊಬೈಲಿಗೆ ಜೋಡಿಸುವ ಬಿಡಿಭಾಗ. ಹಿಂದೆ ಒಂದು ಹೆಸರು ಹೇಳಿ ಕಳುಹಿಸಿಬಿಡುತ್ತಿದ್ದೆ. ಈಗ, ಆ ಮೊಬೈಲ್ ಯಾರದು, ಯಾವ ಕಂಪನಿಯದು, ಎಷ್ಟು ಹಳೆಯದು ಎಂದು ಮೊದಲು ವಿಚಾರಿಸುತ್ತೇನೆ. ಬೋರ್ಡಿನ ಕಡೆ ತಂತಿ, ಚಿಪ್ಪು, ಪ್ರೋಗ್ರಾಂ ಎಲ್ಲವೂ ನಮ್ಮ ಕೈಯಲ್ಲಿವೆ; ಮೊಬೈಲಿನೊಳಗಿನ ನಿಯಮಗಳು ಮಾತ್ರ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಆಯ್ಕೆಯನ್ನು ಮೊಬೈಲಿನ ತುದಿಯಿಂದಲೇ ಆರಂಭಿಸಬೇಕು ಎಂಬುದು ನನ್ನ ಉತ್ತರ.

ಇದನ್ನು ನಾನು ಕಲಿತದ್ದು ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ. ಅದರ ಯಜಮಾನರಾದ ಗೌಡರು ಒಂದು ದಿನ ಅಂಗಡಿಗೆ ಬಂದು, "ಹದ ನೋಡೋರು ಒಂದಿನ ಬರದಿದ್ರೆ ಪಾಕ ಕೆಡ್ತದೆ ಕಣಪ್ಪ, ಕೊಪ್ಪರಿಗೆ ಬಿಸಿ ಎಷ್ಟದೆ ಅಂತ ಮೊಬೈಲಲ್ಲಿ ಕಾಣೋ ಹಂಗೆ ಏನಾರ ಮಾಡ್ಕೊಡು" ಎಂದರು. ಕಬ್ಬಿನ ಹಾಲು ಕುದಿದು ಗಟ್ಟಿಬೆಲ್ಲದ ಹದಕ್ಕೆ ಬರುವ ಹೊತ್ತಿಗೆ ಪಾಕದ ಬಿಸಿ ಸುಮಾರು 118 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ವಿದ್ಯಾರ್ಥಿಗಳು ಮಾಮೂಲಾಗಿ ಬಳಸುವ ಡಿಎಸ್18ಬಿ20 ಸಂವೇದಕದ ಮಿತಿ 125 ಡಿಗ್ರಿ. ಅಷ್ಟು ಅಂಚಿನಲ್ಲಿ ಕೆಲಸ ಮಾಡಿಸುವುದು ಬೇಡವೆಂದು ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುವ ಕೆ ಮಾದರಿಯ ಥರ್ಮೋಕಪಲ್ಲನ್ನೂ ಆ ವೋಲ್ಟೇಜನ್ನು ಓದುವ ಮ್ಯಾಕ್ಸ್6675 ಚಿಪ್ಪನ್ನೂ ಒಂದು ಆರ್ಡುಯಿನೊ ಊನೊ ಬೋರ್ಡಿಗೆ ಜೋಡಿಸಿದೆ. ನಿಸ್ತಂತು ಸಂಪರ್ಕಕ್ಕೆ, ಆಗ ಎಲ್ಲರಿಗೂ ಹೇಳುತ್ತಿದ್ದ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲನ್ನೇ ಹಾಕಿದೆ.

ಎಚ್‌ಸಿ-05 ಹಳೆಯದಾದರೂ ಕಲಿಯುವವರಿಗೆ ಒಳ್ಳೆಯದು. ಬೋರ್ಡಿಗೆ ಅದು ಬರೀ ಒಂದು ಸೀರಿಯಲ್ ತಂತಿಯಂತೆ ಕಾಣುತ್ತದೆ: ಒಂದು ತುದಿಯಲ್ಲಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅಕ್ಷರಗಳನ್ನು ಹಾಕಿದರೆ ಇನ್ನೊಂದು ತುದಿಯಲ್ಲಿ ಮೊಬೈಲಿನ ಆ್ಯಪ್ ಅವನ್ನೇ ಓದುತ್ತದೆ. ಆದರೆ ಅದರ ಗ್ರಹಿಸುವ ಪಿನ್ನು 3.3 ವೋಲ್ಟಿನದು, ಊನೊ ಕಳುಹಿಸುವುದು 5 ವೋಲ್ಟ್. ನಡುವೆ 1 ಕಿಲೊಓಮ್ ಮತ್ತು 2 ಕಿಲೊಓಮ್ ರೆಸಿಸ್ಟರುಗಳಿಂದ ವೋಲ್ಟೇಜನ್ನು ಹಂಚಿದರೆ ಮಾಡ್ಯೂಲಿಗೆ 3.3 ವೋಲ್ಟಿನಷ್ಟೇ ತಲುಪುತ್ತದೆ. ಹಂಚದೆ ನೇರವಾಗಿ ಕೊಟ್ಟರೂ ಮಾಡ್ಯೂಲ್ ಕೆಲಸ ಮಾಡುತ್ತದಲ್ಲ ಎಂದು ವಾದಿಸುವವರು ಇದ್ದಾರೆ. ಮಾಡುತ್ತದೆ ನಿಜ, ಎಷ್ಟು ದಿನ ಎಂಬುದಷ್ಟೇ ಪ್ರಶ್ನೆ. ಇನ್ನೊಂದು ತೊಡಕು, ಊನೊದ 0 ಮತ್ತು 1ನೇ ಪಿನ್ನುಗಳೇ ಕಂಪ್ಯೂಟರಿನ ಯುಎಸ್‌ಬಿ ಸಂಪರ್ಕಕ್ಕೂ ಬಳಕೆಯಾಗುತ್ತವೆ ಎಂಬುದು. ಮಾಡ್ಯೂಲನ್ನು ಅಲ್ಲಿಗೇ ಸಿಕ್ಕಿಸಿಟ್ಟು ಪ್ರೋಗ್ರಾಂ ಏರಿಸಲು ಹೋದವರು ಬೋರ್ಡೇ ಸುಟ್ಟುಹೋಯಿತೆಂದು ಅದನ್ನು ಹಿಡಿದು ನನ್ನ ಬಳಿ ಓಡಿ ಬಂದದ್ದುಂಟು.

ಅಂಗಡಿಯಲ್ಲಿ ನನ್ನ ಆಂಡ್ರಾಯ್ಡ್ ಮೊಬೈಲಿನಲ್ಲಿ ಎಲ್ಲವೂ ಸರಿಯಾಗಿತ್ತು. ಆಲೆಮನೆಗೆ ಹೋದಾಗ, ರೀಡಿಂಗ್ ನೋಡಬೇಕಾದವರು ಗೌಡರ ಮಗ ಎಂದೂ ಅವರ ಕೈಯಲ್ಲಿರುವುದು ಐಫೋನ್ ಎಂದೂ ತಿಳಿಯಿತು. ಮೊದಲೇ ಕೇಳದೆ ಹೋದದ್ದು ನನ್ನ ತಪ್ಪು. ಎಚ್‌ಸಿ-05 ಬಳಸುವುದು ಹಳೆಯ ಬಗೆಯ ಬ್ಲೂಟೂತಿನ ಸೀರಿಯಲ್ ಪೋರ್ಟ್ ಪ್ರೊಫೈಲ್ ಎಂಬ, ತಂತಿಯಂತೆ ಅಕ್ಷರ ಹರಿಸುವ ಕ್ರಮವನ್ನು. ಆಪಲ್ ಕಂಪನಿಯ ಪರವಾನಗಿ ಪಡೆಯದ ಸಾಧನದೊಡನೆ ಆ ಹಳೆಯ ಬಗೆಯಲ್ಲಿ ದತ್ತಾಂಶ ವಿನಿಮಯ ಮಾಡಲು ಐಫೋನಿನ ಆ್ಯಪ್‌ಗಳಿಗೆ ಅವಕಾಶವಿಲ್ಲ. ಎಷ್ಟು ಪ್ರೋಗ್ರಾಂ ತಿದ್ದಿದರೂ ಅದು ಬದಲಾಗದು. 2010ರಲ್ಲಿ ಬ್ಲೂಟೂತ್ 4.0ರೊಂದಿಗೆ ಬಂದ ಬ್ಲೂಟೂತ್ ಲೋ ಎನರ್ಜಿ, ಅಂದರೆ ಬಿಎಲ್ಇ, ಬೇರೆಯದೇ ಬಗೆ. ಅದನ್ನು ಆಂಡ್ರಾಯ್ಡ್ ಮತ್ತು ಐಫೋನ್ ಎರಡೂ ಯಾವ ವಿಶೇಷ ಪರವಾನಗಿಯನ್ನೂ ಕೇಳದೆ ಒಪ್ಪುತ್ತವೆ. ಹೆಸರಿನಲ್ಲಿ ಬ್ಲೂಟೂತ್ ಎಂದಿದ್ದರೂ ಇವೆರಡೂ ಒಂದರೊಡನೊಂದು ಮಾತಾಡಲಾರವು ಎಂಬುದು ಅನೇಕರಿಗೆ ಗೊತ್ತಿಲ್ಲದೆ, ಎಚ್‌ಸಿ-05 ಕೊಂಡು ಬಿಎಲ್ಇ ಆ್ಯಪಿನಲ್ಲಿ ಹುಡುಕುತ್ತಾ ಕೂರುತ್ತಾರೆ.

ಆದ್ದರಿಂದ ಎರಡನೆಯ ಸಲ ಊನೊ ಮತ್ತು ಎಚ್‌ಸಿ-05 ಎರಡನ್ನೂ ತೆಗೆದು, ಒಂದೇ ಇಎಸ್‌ಪಿ32 ಬೋರ್ಡನ್ನು ಕೂರಿಸಿದೆ. ಶಾಂಘೈಯ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ಹೊರತಂದ ಈ ಚಿಪ್ಪಿನಲ್ಲಿ ವೈಫೈ, ಹಳೆಯ ಬ್ಲೂಟೂತ್, ಬಿಎಲ್ಇ ಮೂರೂ ಇವೆ; 3.3 ವೋಲ್ಟಿನಲ್ಲೇ ಕೆಲಸ ಮಾಡುವುದರಿಂದ ರೆಸಿಸ್ಟರುಗಳ ಗೋಜೂ ಇಲ್ಲ. ಕೊಳ್ಳುವಾಗ ಹೆಸರಿನ ಬಾಲವನ್ನು ಓದಬೇಕು. ಸಿ3 ಮತ್ತು ಎಸ್3 ಎಂಬ ಬಾಲವಿರುವವುಗಳಲ್ಲಿ ಬಿಎಲ್ಇ ಮಾತ್ರ ಇದೆ, ಹಳೆಯ ಬ್ಲೂಟೂತ್ ಇಲ್ಲ; ಎಸ್2ನಲ್ಲಿ ಬ್ಲೂಟೂತೇ ಇಲ್ಲ. ಹಳೆಯ ಬ್ಲೂಟೂತಿಗೆಂದು ಬರೆದ ಪ್ರೋಗ್ರಾಮನ್ನು ಸಿ3ಗೆ ಏರಿಸಲು ಹೊರಟು ರಾತ್ರಿಯಿಡೀ ಕೂತ ವಿದ್ಯಾರ್ಥಿಯೊಬ್ಬರನ್ನು ಕಂಡಿದ್ದೇನೆ.

ಬಿಎಲ್ಇಯ ಒಳಗಿನ ಲೆಕ್ಕಾಚಾರ ಮೊದಮೊದಲು ಗೊಂದಲ ಹುಟ್ಟಿಸುತ್ತದೆ. ಇಲ್ಲಿ ಅಕ್ಷರಗಳು ತಂತಿಯಲ್ಲಿ ಹರಿದಂತೆ ಹರಿಯುವುದಿಲ್ಲ. ಬೋರ್ಡು ತನ್ನ ಬಳಿಯಿರುವ ಅಳತೆಯ ಅಂಕಿಗಳನ್ನು ಗೂಡುಗಳಲ್ಲಿ ಇಟ್ಟುಕೊಂಡಿರುತ್ತದೆ, ಪ್ರತಿ ಗೂಡಿಗೂ ಒಂದು ಗುರುತಿನ ಸಂಖ್ಯೆಯಿರುತ್ತದೆ, ಮೊಬೈಲು ಬೇಕಾದಾಗ ಬಂದು ಗೂಡನ್ನು ಓದಬಹುದು ಅಥವಾ "ಅಂಕಿ ಬದಲಾದಾಗ ನೀನೇ ತಿಳಿಸು" ಎಂದು ಹೆಸರು ನೋಂದಾಯಿಸಿಕೊಂಡು ಸುಮ್ಮನಿರಬಹುದು. ಈ ಎರಡನೆಯ ಕ್ರಮಕ್ಕೆ ನೋಟಿಫೈ ಎನ್ನುತ್ತಾರೆ. ಆಲೆಮನೆಗೆ ಬೇಕಾದದ್ದು ಅದೇ. ಒಂದು ಸಲಕ್ಕೆ ಕಳುಹಿಸಬಹುದಾದ ದತ್ತಾಂಶ, ಎರಡೂ ಕಡೆ ಬೇರೆ ಒಪ್ಪಂದ ಆಗದಿದ್ದರೆ, 20 ಬೈಟ್ ಮಾತ್ರ. ಬಿಸಿಯ ಅಳತೆಗೆ 2 ಬೈಟ್ ಸಾಕು.

ಆ ಎರಡು ಬೈಟುಗಳೇ ನನ್ನನ್ನು ಒಂದು ಸಂಜೆ ಆಟ ಆಡಿಸಿದವು. ಬ್ಲೂಟೂತಿನ ಗೊತ್ತುಪಾಡಿನ ಪ್ರಕಾರ ತಾಪಮಾನವನ್ನು ಡಿಗ್ರಿಯ ನೂರನೇ ಒಂದು ಭಾಗದ ಲೆಕ್ಕದಲ್ಲಿ ಪೂರ್ಣಾಂಕವಾಗಿ ಕಳುಹಿಸಬೇಕು, 118.25 ಡಿಗ್ರಿ ಎಂದರೆ 11825. ಇದನ್ನು ಎರಡು ಬೈಟುಗಳಾಗಿ ಒಡೆದರೆ ದೊಡ್ಡ ಸ್ಥಾನದ ಬೈಟು 46, ಚಿಕ್ಕ ಸ್ಥಾನದ ಬೈಟು 49. ಏಕೆಂದರೆ 46ನ್ನು 256ರಿಂದ ಗುಣಿಸಿ 49 ಕೂಡಿದರೆ 11825 ಬರುತ್ತದೆ. ಕಳುಹಿಸುವಾಗ ಚಿಕ್ಕ ಸ್ಥಾನದ್ದು ಮೊದಲು ಹೋಗಬೇಕೆಂಬುದು ನಿಯಮ. ನಾನು ಆ್ಯಪಿನಲ್ಲಿ ಮೊದಲು ಬಂದದ್ದನ್ನೇ ದೊಡ್ಡ ಸ್ಥಾನದ್ದೆಂದು ಓದಿಸಿದ್ದೆ. ಆಗ 49ನ್ನು 256ರಿಂದ ಗುಣಿಸಿ 46 ಕೂಡಿದಂತಾಗಿ ಪರದೆಯ ಮೇಲೆ 125.90 ಎಂದು ಬಂತು. ಅಸಂಬದ್ಧವಾದ ಅಂಕಿ ಬಂದಿದ್ದರೆ ತಪ್ಪು ಕೂಡಲೇ ಸಿಕ್ಕುತ್ತಿತ್ತು; ಇದು ನಂಬುವ ಹಾಗಿದ್ದುದರಿಂದ, ಥರ್ಮೋಕಪಲ್ಲು ಒಲೆಯ ಉರಿಗೆ ಹತ್ತಿರವಾಗಿದೆಯೇನೋ ಎಂದು ಅದನ್ನೇ ಅತ್ತಿತ್ತ ಸರಿಸುತ್ತಾ ಒಂದು ಗಂಟೆ ಕಳೆದೆ. ಕೊನೆಗೆ ಕುದಿಯುವ ಬರೀ ನೀರಿನಲ್ಲಿ ಅದ್ದಿ ನೋಡಿದಾಗಷ್ಟೇ ಅಂಕಿಗಳು ಅರ್ಥವಿಲ್ಲದೆ ನೆಗೆದಾಡಿದವು, ಕಾರಣವೂ ಹೊಳೆಯಿತು. ಹಳೆಯ ಬ್ಲೂಟೂತಿನಲ್ಲಿ ಇದೇ ಬಗೆಯ ಬೇರೊಂದು ತಪ್ಪು ಆಗುತ್ತದೆ: ಬೋರ್ಡು 118.25 ಎಂದು ಕಳುಹಿಸಿದ್ದು ಮೊಬೈಲಿಗೆ ಒಂದೇ ಸಲ ಬರುತ್ತದೆಂಬ ಖಾತರಿಯಿಲ್ಲ. 11 ಒಮ್ಮೆ, 8.25 ಮತ್ತೊಮ್ಮೆ ಬರಬಹುದು. ಪ್ರತಿ ಅಳತೆಯ ಕೊನೆಗೆ ಹೊಸ ಸಾಲಿನ ಗುರುತು ಹಾಕಿ, ಅದು ಸಿಗುವವರೆಗೆ ಆ್ಯಪು ಕೂಡಿಟ್ಟುಕೊಳ್ಳುವಂತೆ ಬರೆದರೆ ಈ ತೊಂದರೆ ಇಲ್ಲ.

ಮೊಬೈಲಿನ ಕಡೆಯ ನಿಯಮಗಳಲ್ಲಿ ಜನ ಎಡವುವುದು ಹೆಚ್ಚಾಗಿ ಎರಡು ಕಡೆ. ಹಳೆಯ ಬ್ಲೂಟೂತ್ ಸಾಧನವನ್ನು ಮೊದಲು ಸೆಟ್ಟಿಂಗ್ಸಿಗೆ ಹೋಗಿ 1234 ಎಂಬ ಗುಪ್ತಸಂಖ್ಯೆ ಕೊಟ್ಟು ಜೊತೆ ಮಾಡಿಕೊಳ್ಳಬೇಕು, ಆಮೇಲೆ ಆ್ಯಪಿನಿಂದ ಸಂಪರ್ಕಿಸಬೇಕು. ಬಿಎಲ್ಇ ಸಾಧನವನ್ನು ಸೆಟ್ಟಿಂಗ್ಸಿನಲ್ಲಿ ಹುಡುಕಲೇಬೇಕಾಗಿಲ್ಲ. ಆ್ಯಪೇ ಹುಡುಕಿ ಸೇರಿಕೊಳ್ಳುತ್ತದೆ. ಇವೆರಡನ್ನು ಅದಲುಬದಲು ಮಾಡಿ ಮಾಡ್ಯೂಲ್ ಕೆಟ್ಟಿದೆ ಎನ್ನುವವರೇ ಹೆಚ್ಚು. ಇನ್ನೊಂದು ಅನುಮತಿಯ ವಿಷಯ. ಆಂಡ್ರಾಯ್ಡ್ 6ರಿಂದ 11ರವರೆಗಿನ ಮೊಬೈಲುಗಳಲ್ಲಿ ಬಿಎಲ್ಇ ಸಾಧನಗಳನ್ನು ಹುಡುಕಲು ಆ್ಯಪಿಗೆ ಸ್ಥಳದ ಅನುಮತಿ ಇರಬೇಕು, ಲೊಕೇಶನ್ ಸ್ವಿಚ್ಚೂ ಆನ್ ಆಗಿರಬೇಕು. ಇಲ್ಲದಿದ್ದರೆ ದೋಷವೆಂದು ಏನನ್ನೂ ಹೇಳದೆ ಪಟ್ಟಿ ಖಾಲಿ ಬರುತ್ತದೆ. ಸುತ್ತಲ ಸಾಧನಗಳ ಗುರುತಿನಿಂದ ಮನುಷ್ಯ ಎಲ್ಲಿದ್ದಾನೆಂದು ಊಹಿಸಬಹುದು ಎಂಬುದು ಆ ನಿಯಮದ ಹಿಂದಿನ ಕಾರಣ. 2021ರ ಆಂಡ್ರಾಯ್ಡ್ 12ರಿಂದ ಹುಡುಕಲು ಒಂದು, ಸೇರಲು ಒಂದು ಎಂದು ಬ್ಲೂಟೂತಿಗೇ ಪ್ರತ್ಯೇಕ ಅನುಮತಿಗಳು ಬಂದಿವೆ. ಹಳೆಯ ಪಾಠ ನೋಡಿಕೊಂಡು ಆ್ಯಪ್ ಬರೆದವರು ಹೊಸ ಮೊಬೈಲಿನಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ. ಸ್ವಂತ ಆ್ಯಪನ್ನು ದೂರುವ ಮೊದಲು ಎನ್‌ಆರ್‌ಎಫ್ ಕನೆಕ್ಟ್ ಎಂಬ ಉಚಿತ ಆ್ಯಪಿನಲ್ಲಿ ಬೋರ್ಡು ಕಾಣುತ್ತದೆಯೇ ಎಂದು ನೋಡಿ. ಅಲ್ಲಿ ಕಂಡರೆ ತಪ್ಪು ನಿಮ್ಮ ಆ್ಯಪಿನದು, ಕಾಣದಿದ್ದರೆ ಬೋರ್ಡಿನದು ಅಥವಾ ಅದನ್ನಿಟ್ಟ ಜಾಗದ್ದು.

ಜಾಗದ ವಿಷಯ ಬಂದದ್ದರಿಂದ ಹೇಳುತ್ತೇನೆ. ಬಿಸಿ ಮತ್ತು ಹಬೆಯಿಂದ ಕಾಪಾಡಲೆಂದು ನಾನು ಬೋರ್ಡನ್ನು ಹಳೆಯ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬಾಗಿಲು ಹಾಕಿದೆ. ನಾಲ್ಕು ಹೆಜ್ಜೆ ದೂರದಲ್ಲೇ ಮೊಬೈಲಿಗೆ ಅದು ಕಾಣದಾಯಿತು. ಲೋಹದ ಪೆಟ್ಟಿಗೆ ರೇಡಿಯೊ ಅಲೆಗಳನ್ನು ಹೊರಗೆ ಬಿಡುವುದಿಲ್ಲ ಎಂದು ನಾನೇ ಇತರರಿಗೆ ಹೇಳುವವನು. ಪ್ಲಾಸ್ಟಿಕ್ ಪೆಟ್ಟಿಗೆಗೆ ಬದಲಾಯಿಸಿದ ಮೇಲೆ ಸರಿಹೋಯಿತು. ವಿದ್ಯುತ್ತಿಗೆಂದು ಇಟ್ಟ ಪವರ್ ಬ್ಯಾಂಕ್ ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಆರುತ್ತಿತ್ತು. ಬಿಎಲ್ಇ ಬಳಸುವ ಬೋರ್ಡು ಎಳೆಯುವ ಕರೆಂಟು ಎಷ್ಟು ಕಡಿಮೆ ಎಂದರೆ, ಏನೂ ಸಿಕ್ಕಿಸಿಲ್ಲವೆಂದು ತಿಳಿದು ಪವರ್ ಬ್ಯಾಂಕ್ ಮಲಗಿಬಿಡುತ್ತದೆ. ವೈಫೈ ಆನ್ ಮಾಡಿದಾಗ ಇದರ ಉಲ್ಟಾ ತೊಂದರೆ: ಇಎಸ್‌ಪಿ32 ಕ್ಷಣಮಾತ್ರ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ, ತೆಳುವಾದ ಉದ್ದ ಕೇಬಲ್ಲಿನಲ್ಲಿ ವೋಲ್ಟೇಜು ಕುಸಿಯುತ್ತದೆ, ಬೋರ್ಡು ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬೋರ್ಡಿನ ಸಂದೇಶಗಳನ್ನು ತೋರಿಸುವ ಕಂಪ್ಯೂಟರಿನ ಸೀರಿಯಲ್ ಪರದೆಯಲ್ಲಿ ಬ್ರೌನ್‌ಔಟ್ ಎಂಬ ಪದ ಕಂಡರೆ ಪ್ರೋಗ್ರಾಮನ್ನು ಮುಟ್ಟಬೇಡಿ, ಕೇಬಲ್ಲನ್ನು ಬದಲಾಯಿಸಿ.

ವೈಫೈ ಬೇಡವೇ ಎಂದು ಕೇಳುವವರು ಹೆಚ್ಚಾಗಿ ಮೈಸೂರಿನವರು. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಕೆಳಗೆ ಕೂತು ನೋಡುವ ಆಸೆ ಅವರದು. ನಡುವೆ ಕಾಂಕ್ರೀಟಿನ ಮೋಲ್ಡು ಇರುವುದರಿಂದ ಬಿಎಲ್ಇ ಅಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ, ಮನೆಯಲ್ಲಿ ರೂಟರ್ ಇದ್ದರೆ ವೈಫೈಯೇ ಸರಿ; ಇಎಸ್‌ಪಿ32 ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ, ರೂಟರಿನ 5 ಗಿಗಾಹರ್ಟ್ಸ್ ಹೆಸರು ಅದಕ್ಕೆ ಕಾಣುವುದಿಲ್ಲ. ಸಂವೇದಕ ಅನಲಾಗ್, ಅಂದರೆ ಅಳತೆಯನ್ನು ಏರಿಳಿಯುವ ವೋಲ್ಟೇಜಾಗಿ ಕೊಡುವಂಥದ್ದು, ಆದರೆ ಅದನ್ನು 32ರಿಂದ 39ರ ನಡುವಿನ ಪಿನ್ನುಗಳಿಗೇ ಕೊಡಬೇಕು, ಏಕೆಂದರೆ ಉಳಿದ ಅನಲಾಗ್ ಪಿನ್ನುಗಳು ವೈಫೈ ನಡೆಯುವಾಗ ಕೈಕೊಡುತ್ತವೆ. ರೂಟರ್ ಇಲ್ಲದೆ ಬೋರ್ಡನ್ನೇ ವೈಫೈ ಕೇಂದ್ರವಾಗಿಸಿ ಬ್ರೌಸರಿನಲ್ಲಿ 192.168.4.1 ಎಂದು ತೆರೆಯುವ ಕ್ರಮವೂ ಇದೆ. ಆದರೆ ಆ ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಮೊಬೈಲು ಎಷ್ಟೋ ಸಲ ನಮಗೆ ಹೇಳದೆಯೇ ಮೊಬೈಲ್ ಡೇಟಾಗೆ ಹೊರಳಿಬಿಡುತ್ತದೆ, ಪುಟ ತೆರೆಯುವುದಿಲ್ಲ. ಡೇಟಾ ಆಫ್ ಮಾಡಿ ಮತ್ತೆ ತೆರೆದು ನೋಡಿ.

ಇನ್ನು ಗದ್ದೆಯ ಪಂಪ್‌ಸೆಟ್ಟನ್ನು ಮನೆಯಲ್ಲಿ ಕೂತು ಆನ್ ಮಾಡಬೇಕೆನ್ನುವವರಿಗೆ ಮೇಲಿನ ಯಾವುದೂ ಆಗದು. ಎಚ್‌ಸಿ-05ರ ಹರಹು ಸುಮಾರು 10 ಮೀಟರ್. ಬೆಳೆದು ನಿಂತ ಹಸಿ ಕಬ್ಬು 2.4 ಗಿಗಾಹರ್ಟ್ಸಿನ ಅಲೆಗಳನ್ನು ಹೀರಿಕೊಳ್ಳುತ್ತದೆ. ಅವರಿಗೆ ಬೇಕಾದದ್ದು ಸಿಮ್ ಹಾಕುವ ಮಾಡ್ಯೂಲು. ಅಗ್ಗವೆಂದು ಎಲ್ಲರೂ ತರುವ ಸಿಮ್800ಎಲ್ 2ಜಿ ಜಾಲದಲ್ಲಿ ಮಾತ್ರ ಕೆಲಸ ಮಾಡುವುದರಿಂದ 2ಜಿ ಇಲ್ಲದ ಜಿಯೊ ಸಿಮ್ ಅದರಲ್ಲಿ ನಡೆಯುವುದಿಲ್ಲ. ಸಿಗ್ನಲ್ ಕಳುಹಿಸುವಾಗ ಅದು ಕ್ಷಣಕ್ಕೆ 2 ಆಂಪಿಯರ್ ಕೇಳುವುದರಿಂದ ಆರ್ಡುಯಿನೊದ 5 ವೋಲ್ಟ್ ಪಿನ್ನಿನಿಂದ ಅದನ್ನು ನಡೆಸುವಂತಿಲ್ಲ. ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟರನ್ನು ನಿಲ್ಲಿಸುವ ಪ್ರಿವೆಂಟರನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಆ ಕೆಲಸ ಮೊಬೈಲಿನ ಆಜ್ಞೆಗೆ ಕಾಯುವಂಥದ್ದಲ್ಲ, ಸ್ಟಾರ್ಟರಿನ ಪೆಟ್ಟಿಗೆಯೊಳಗೇ ಆಗಬೇಕು.